ಕ್ಲಚ್ಚಿಗೆ ಮೂರು ದಿನ

ನಮ್ಮ ಗ್ಯಾರೇಜಿನಲ್ಲಿ ಹಳೇ ಕಾರಿನ ಕ್ಲಚ್ ಕೆಲಸಕ್ಕೆ ಮೂರು ದಿನ. ಬೇರೆಯವರು ಒಂದು ಗಂಟೆಯಲ್ಲಿ ಮುಗಿಸುತ್ತಾರೆ, ನಮ್ಮಲ್ಲಿ ಮೂರು ದಿನ. ನನ್ನ ಗಂಡನ ಕಾಲದಿಂದ ಹೀಗೇ. ಆಳು ನಿಧಾನ, ಆದರೆ ಕೆಲಸ ಗಟ್ಟಿ ಎಂದು ಜನ ಹೊಗಳಿಕೊಂಡೇ ಬಂದರು. ಆ ಮೂರು ದಿನ ಎಲ್ಲಿಂದ ಬಂತು ಎಂದು ಗೊತ್ತಿದ್ದವರು ಇಬ್ಬರೇ. ಒಬ್ಬ ಸತ್ತ. ಇನ್ನೊಬ್ಬಳು ನಾನು.

ಗಂಡನ ಶೆಡ್ಡು ಕೆಲಮಂಗಲದ ರಸ್ತೆಯಲ್ಲಿತ್ತು. ತಗಡಿನ ಮಾಡು, ಹಿಂದುಗಡೆ ಮನೆ. ಬರುತ್ತಿದ್ದದ್ದು ಸಣ್ಣ ಕಾರುಗಳು, ಮೇಷ್ಟ್ರುಗಳದ್ದು, ಡಾಕ್ಟರದ್ದು, ರೇಷ್ಮೆ ವ್ಯಾಪಾರದವರದ್ದು. ಆ ಕಾರುಗಳ ಕ್ಲಚ್ಚಿಗೆ ಕೇಬಲ್ ಇಲ್ಲ, ಎಣ್ಣೆ. ಪೆಡಲ್ ಒತ್ತಿದರೆ ಮೇಲಿನ ಸಿಲಿಂಡರಿನಿಂದ ಎಣ್ಣೆ ಪೈಪಿನಲ್ಲಿ ಇಳಿದು, ಗೇರುಪೆಟ್ಟಿಗೆಯ ಹತ್ತಿರ ಇರುವ ಕೆಳಗಿನ ಸಿಲಿಂಡರನ್ನು ತಳ್ಳಬೇಕು. ಪೈಪಿನಲ್ಲಿ ಗಾಳಿ ಸೇರಿದರೆ ಪೆಡಲ್ ಸತ್ತ ಹಾಗೆ ಕೆಳಕ್ಕೆ ಬೀಳುತ್ತದೆ, ಗೇರು ಕರಕರ ಎನ್ನುತ್ತದೆ. ಆ ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬರು ಕಾರಿನಡಿ ಮಲಗಿ ಗಾಳಿ ಬಿಡುವ ತಿರುಪು, ಅದೇ ನಿಪ್ಪಲ್, ಬಿಚ್ಚಿ ಮುಚ್ಚಬೇಕು. ಇನ್ನೊಬ್ಬರು ಮೇಲೆ ಕೂತು ಪೆಡಲ್ ಒತ್ತಬೇಕು. ಮೇಲೆ ಕೂರುತ್ತಿದ್ದವಳು ನಾನು.

"ಒತ್ತು." "ಹಿಡ್ಕೊ." "ಬಿಡು."

ಮೂವತ್ತು ವರ್ಷದ ಸಂಸಾರದಲ್ಲಿ ಆ ಮನುಷ್ಯ ನನಗೆ ಹೇಳಿದ ಮಾತಿನಲ್ಲಿ ಮುಕ್ಕಾಲು ಪಾಲು ಈ ಮೂರೇ. ಅವನು ನಿಪ್ಪಲ್ ಮುಚ್ಚುವ ಮೊದಲೇ ಕಾಲು ಎತ್ತಿದರೆ ಗಾಳಿ ವಾಪಸ್ಸು ಒಳಗೆ ಹೋಗುತ್ತದೆ. ಒಂದು ಸಲ ತೊಟ್ಟಿಲಲ್ಲಿ ಮಗ ಅತ್ತ, ನಾನು ಕಾಲು ಸಡಿಲ ಬಿಟ್ಟೆ. ಗಂಡ ಕಾರಿನಡಿಯಿಂದ ಎದ್ದು ಬಂದು ಸ್ಪ್ಯಾನರಿನಲ್ಲಿ ನನ್ನ ಪಾದಕ್ಕೆ ಹೊಡೆದ. ಗುರುತು ಇನ್ನೂ ಇದೆ. ಆಮೇಲೆ ಯಾರು ಅತ್ತರೂ ನಾನು ಕಾಲು ಬಿಡಲಿಲ್ಲ.

ಚಪ್ಪಲಿ ಹಾಕದೆ ಒತ್ತುತ್ತಿದ್ದೆ. ಬರಿಗಾಲಿಗೆ ಎಲ್ಲ ತಿಳಿಯುತ್ತದೆ. ಎರಡು ಮೂರು ಸಲ ಒತ್ತಿದ ಮೇಲೆ ಪೆಡಲ್ ಗಟ್ಟಿಯಾಗಿ ನಿಂತರೆ ಒಳಗಿರುವುದು ಗಾಳಿ. ಒತ್ತಿ ಹಿಡಿದಾಗ ಕಾಲಡಿಯಲ್ಲಿ ಮೆಲ್ಲಗೆ ಇಳಿಯುತ್ತ ಹೋದರೆ ಮೇಲಿನ ಸಿಲಿಂಡರಿನ ರಬ್ಬರ್ ಕಪ್ ಹೋಗಿದೆ. ನಾನು ಗಂಡನಿಗೆ ಹೇಳುತ್ತಿದ್ದೆ, ಅವನು ಗಿರಾಕಿಗೆ ಹೇಳುತ್ತಿದ್ದ, ತಾನೇ ಕಂಡುಹಿಡಿದ ಹಾಗೆ.

ತಿಂಗಳಿಗೆ ಮೂರು ದಿನ ನಾನು ಹೊರಗೆ ಕೂರಬೇಕಿತ್ತು. ಅತ್ತೆ ಬದುಕಿದ್ದಳು. ಶೆಡ್ಡಿನ ಹಿಂದೆ ಹುಣಸೆ ಮರದ ಕೆಳಗೆ ಒಂದು ಜಗಲಿ, ಒಂದು ತಟ್ಟೆ, ಒಂದು ಚೊಂಬು, ಒಂದು ಗೋಣಿ. ಮುಟ್ಟಾದವಳು ಇನ್ನೊಬ್ಬರ ಕಾರಿನಲ್ಲಿ ಕೂರುವುದುಂಟೆ? ಶುಕ್ರವಾರ ಕಾರಿಗೆ ಹೂವು ಹಾಕಿ ಊದುಬತ್ತಿ ಹಚ್ಚುವ ಜನ. ಗಂಡ ಆ ದಿನಗಳಿಗೆ ಗಂಡಾಳುಗಳನ್ನು ಕೂರಿಸಿ ನೋಡಿದ. ಅವರು ಬೇಗ ಕಾಲು ಎತ್ತುತ್ತಿದ್ದರು. ಅವರ ಪಾದಕ್ಕೆ ಸ್ಪ್ಯಾನರಿನಲ್ಲಿ ಹೊಡೆಯುವ ಹಾಗಿರಲಿಲ್ಲ.

ಆಗ ಗಿರಾಕಿಗೆ ಹೇಳಲು ಶುರು ಮಾಡಿದ. "ಆಯಿಲ್ ಹಾಕಿದ್ದೀನಿ ಸಾರ್. ಪೆಡ್ಲಿಗೆ ಕೋಲು ಕೊಟ್ಟು ಮೂರು ದಿನ ಬುಡ್ಬೇಕು. ಆಯಿಲ್ ಕೂರ್ಬೇಕು."

ನಾಲ್ಕನೇ ದಿನ ನಾನು ಮಿಂದು ಬಂದು ಒತ್ತುತ್ತಿದ್ದೆ. ಒಬ್ಬನಿಗೆ ಮೂರು ದಿನ ಎಂದು ಇನ್ನೊಬ್ಬನಿಗೆ ಅವತ್ತೇ ಕೊಟ್ಟರೆ ಜನ ಕೇಳುತ್ತಾರಲ್ಲ. ಅದಕ್ಕೆ ಎಲ್ಲ ಕಾರಿಗೂ ಮೂರು ದಿನ ಮಾಡಿದ. ನಾನು ಒತ್ತಿ ಮುಗಿಸಿದ ಕಾರೂ ಪೆಡಲಿಗೆ ಕೋಲು ಸಿಕ್ಕಿಸಿಕೊಂಡು ಮೂರು ದಿನ ಸುಮ್ಮನೆ ನಿಲ್ಲುತ್ತಿತ್ತು. ಮಗ ಅದನ್ನು ನೋಡಿಕೊಂಡೇ ಬೆಳೆದ.

ಗಂಡ ಸತ್ತ ಮೇಲೆ ಮಗ ಆಲಸನತ್ತಂನಲ್ಲಿ ಗ್ಯಾರೇಜು ಹಾಕಿದ. ಮುಂದೆ ಗ್ಯಾರೇಜು, ಹಿಂದೆ ಮನೆ. ಆ ಕೋಲನ್ನೂ ತಂದ. ಹೊಂಗೆ ಕೋಲು, ಮೊಳದುದ್ದ. ತುದಿಗೆ ದಾರ ಕಟ್ಟಿ ಗೋಡೆಯ ಮೊಳೆಗೆ ನೇತುಹಾಕಿದ. ಆಯುಧಪೂಜೆಗೆ ಅದಕ್ಕೂ ಕುಂಕುಮ ಇಡುತ್ತಿದ್ದ. ಹಳೇ ಕಾರು ಬಂದರೆ ಕೋಲು ಕೊಟ್ಟು, ಮೂರು ದಿನವೂ ಆಗಾಗ ಒತ್ತಿಸಿ ಒತ್ತಿಸಿ, ಹೇಗೋ ಸರಿಹೋದಾಗ ಎಣ್ಣೆ ಕೂತಿತು ಎನ್ನುತ್ತಿದ್ದ. ನಾನು ನೋಡಿಕೊಂಡು ಸುಮ್ಮನಿದ್ದೆ. ನನ್ನನ್ನು ಯಾರೂ ಕರೆಯಲಿಲ್ಲ.

ಹೋದ ಅವರೆಕಾಯಿ ಕಾಲದಲ್ಲಿ ಡೆಂಕಣಿಕೋಟೆಯಿಂದ ಒಬ್ಬ ರಿಟೈರಾದ ಮೇಷ್ಟ್ರು ತಮ್ಮ ಹಳೇ ಸಣ್ಣ ಕಾರು ತಂದರು. ಪೆಡಲ್ ಒತ್ತಿದರೆ ನೆಲಕ್ಕೆ ಬೀಳುತ್ತಿತ್ತು. ಕೆಳಗಿನ ಸಿಲಿಂಡರಿನ ಕಪ್ ಸೋರುತ್ತಿತ್ತು. ಮಗ ಹೊಸದು ಹಾಕಿ, ಎಣ್ಣೆ ತುಂಬಿ, ಕೆಲಸದವನನ್ನು ಪೆಡಲ್ ಒತ್ತಲು ಕೂರಿಸಿದ. ಆ ಕೆಲಸದವನು ಐವತ್ತು ದಾಟಿದ ತಮಿಳಿನವನು, ಬೂಟುಗಾಲಲ್ಲಿ ಒತ್ತುತ್ತಾನೆ, ಬೇಗ ಬಿಡುತ್ತಾನೆ.

"ಇನ್ನೂ ಸಾಫ್ಟಾ ಇರ್ಕು ಅಣ್ಣಾ" ಎಂದ. ಪೆಡಲ್ ಇನ್ನೂ ಮೆತ್ತಗೇ ಇತ್ತು.

ಮಗ ಗೋಡೆಯ ಕೋಲು ತೆಗೆದುಕೊಂಡ. "ಮೂರು ದಿನ ಸಾರ್. ಸೋಮ್ವಾರ ಬನ್ನಿ."

"ನಾಳೆ ಬೆಳಿಗ್ಗೇನೇ ಬೇಕಪ್ಪ" ಎಂದರು ಮೇಷ್ಟ್ರು. "ನಮ್ಮ ಮನೆಯವ್ಳು ಕೃಷ್ಣಗಿರಿ ಆಸ್ಪತ್ರೇಲವ್ಳೆ. ಸೊಂಟ ಮುರ್ದು ಪ್ಲೇಟ್ ಹಾಕವ್ರೆ. ನಾಳೆ ಡಿಸ್ಚಾರ್ಜು, ಮಂಚ ಬುಡ್ಬೇಕು."

"ಟ್ಯಾಕ್ಸಿ ಮಾಡ್ಕೊಳಿ ಸಾರ್."

"ಟ್ಯಾಕ್ಸೀಲಿ ಕಾಲು ನೀಡಕ್ಕಾಗಲ್ಲ. ಇದ್ರದು ಮುಂದಿನ ಸೀಟು ಕಿತ್ತು ಆಚಾರಿ ಹತ್ರ ಹಲಗೆ ಹಾಕ್ಸೀನಿ, ಅವಳ ಕಾಲಿನ ಅಳತೆಗೆ."

"ಆಂಬುಲೆನ್ಸು?"

"ಹತ್ತಲ್ಲ ಅಂತಾಳೆ. ಅವಳ ತಂಗೀನ ಅದ್ರಲ್ಲೇ ಹೆಣವಾಗಿ ತಂದ್ರು. ನಲವತ್ತು ವರ್ಸದಿಂದ ನೋಡ್ತಿದೀನಿ, ಬೇಡ ಅಂದ್ರೆ ಬೇಡ."

ಮಗ ನಕ್ಕ. "ಆಯಿಲ್ ಕೂರ್ದೆ ಕೊಟ್ರೆ ದಾರೀಲಿ ಕೈ ಕೊಡ್ತದೆ ಸಾರ್. ನಮ್ಮಪ್ಪ ಏನೇ ಆದ್ರೂ ಮೂರು ದಿನಕ್ಕೆ ಮುಂಚೆ ಕೊಡ್ತಿರ್ಲಿಲ್ಲ."

ನಾನು ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಮೇಷ್ಟ್ರು ಬಗ್ಗಿ ಆ ಹಲಗೆಯನ್ನು ಅಲುಗಿಸಿ ನೋಡಿದರು. ಅದರ ಮೇಲೆ ಹಳೇ ಸೀರೆ ಮಡಿಸಿ ಹಾಸಿದ್ದರು. ನಾನು ಸುಮ್ಮನಿದ್ದರೆ ಮಗನಿಗೆ ಅವನಪ್ಪ ದೊಡ್ಡ ಮನುಷ್ಯನಾಗಿಯೇ ಉಳಿಯುತ್ತಿದ್ದ, ಆ ಹೆಂಗಸು ಮುರಿದ ಸೊಂಟ ಮಡಿಚಿಕೊಂಡು ಬರುತ್ತಿದ್ದಳು. ಬಾಯಿ ಬಿಟ್ಟರೆ ಮೂವರು ಗಂಡಸರ ಮುಂದೆ ಆಡಬಾರದ ಮಾತು ಆಡಬೇಕು.

ಮೊರ ಪಕ್ಕಕ್ಕಿಟ್ಟು ಎದ್ದೆ. ಕಾರಿನಲ್ಲಿ ಕೂತು ಬರಿಗಾಲಲ್ಲಿ ಒತ್ತಿದೆ. ಮೂರನೇ ಸಲಕ್ಕೆ ಪೆಡಲ್ ಗಟ್ಟಿಯಾಯಿತು. ಹಿಡಿದೆ. ಇಳಿಯಲಿಲ್ಲ.

"ಮೇಲಿನ ಕಪ್ ಚೆನ್ನಾಗದೆ. ಬರೀ ಗಾಳಿ. ನೀನು ಕೆಳಗೆ ಮಲಿಕ್ಕೊ ಕಣ್ಲಾ, ಅರ್ಧ ಗಂಟೆ ಕೆಲ್ಸ."

"ಎದ್ದೋಗಮ್ಮ. ಒತ್ತೋದು ಬಿಟ್ರೆ ನಿಂಗೇನ್ ಗೊತ್ತು? ಮೂರು ದಿನ ಇಕ್ಕೋಕೆ ಅಪ್ಪ ಏನ್ ದಡ್ಡನಾ?"

"ದಡ್ಡ ಅಲ್ಲ, ಸುಳ್ಳ. ಆ ಮೂರು ದಿನ ಎಣ್ಣೇದಲ್ಲ ಕಣ್ಲಾ, ನಂದು. ಮುಟ್ಟಾಗಿ ಹುಣಸೆ ಮರದಡಿ ಕೂತಿರ್ತಿದ್ನಲ್ಲ, ಆ ಮೂರು ದಿನ. ಒತ್ತೋಕೆ ನಾನಿಲ್ದೆ ಕೋಲು ಕೊಟ್ಟ."

ಮೇಷ್ಟ್ರು ತಮ್ಮ ಚಪ್ಪಲಿ ನೋಡಿಕೊಂಡರು. ಕೆಲಸದವನು ಕೈ ಒರೆಸುವ ಬಟ್ಟೆ ಹುಡುಕಿದ, ಅದು ಅವನ ಹೆಗಲ ಮೇಲೇ ಇತ್ತು. ಮಗನ ಮುಖ ಕಪ್ಪಿಟ್ಟಿತು. ಇನ್ನೂ ಏನು ಹೇಳಿಬಿಡುತ್ತಾಳೋ ಎಂದು ಹೆದರಿರಬೇಕು, ಸ್ಪ್ಯಾನರ್ ಹಿಡಿದು ಕಾರಿನಡಿಗೆ ಹೋದ.

"ಒತ್ತು" ಎಂದ. ಅಪ್ಪನದೇ ದನಿ.

ಒತ್ತಿದೆ, ಹಿಡಿದೆ, ಬಿಟ್ಟೆ. ಎಡಗಾಲಿನ ಮಂಡಿ ಸವೆದು ವರ್ಷಗಳಾಗಿವೆ, ಬೆಂಕಿ ಇಟ್ಟ ಹಾಗಾಯಿತು. ಕಾಲು ಎತ್ತಲಿಲ್ಲ. ಗುಳ್ಳೆ ಬರುವುದು ನಿಂತು ಬರೀ ಎಣ್ಣೆ ಬಂತು, ಪೆಡಲ್ ಮೇಲೆ ನಿಂತಿತು. ಮೇಷ್ಟ್ರು ಕೂತು ಗೇರು ಹಾಕಿದರು. ಸದ್ದಿಲ್ಲದೆ ಬಿತ್ತು. ಹೋಗುವಾಗ ಅವರು ನನ್ನ ಕಡೆ ನೋಡಲಿಲ್ಲ. ಮಗನ ಕೈ ಹಿಡಿದು, "ನಿಮ್ಮಪ್ಪನ ಕೈಗುಣ ನಿಂಗೆ ಬಂದದೆ ಕಣಪ್ಪ" ಎಂದರು. ಅವರ ಹೆಂಡತಿ ಕಾಲು ನೀಡಿಕೊಂಡೇ ಮನೆ ಸೇರಿದಳು ಎಂದು ಆಮೇಲೆ ಕೇಳಿದೆ. ಅದೊಂದಾಯಿತು.

ಮಗ ಕೈ ತೊಳೆಯುತ್ತ ಹೇಳಿದ, "ಗಿರಾಕಿ ಮುಂದೆ ಆಡೋ ಮಾತಾ ಅದು? ಸತ್ತೋರ ಮಾನ ಕಳ್ದುಬುಟ್ಟೆ."

"ಬದ್ಕಿರೋಳ ಮಂಡಿ ಹೋಯ್ತಲ್ಲ, ಅದ್ಕೇನಂತೀಯ?"

ಅವನು ನಲ್ಲಿ ನಿಲ್ಲಿಸಿ ಒಳಗೆ ಹೋದ.

ಮಾರನೆಯ ದಿನ ಸ್ನಾನದ ನೀರು ಕಾಯಿಸುವಾಗ ಆ ಕೋಲನ್ನು ತೆಗೆದು ಒಲೆಗೆ ಹಾಕಿದೆ. ಒಣಗಿದ ಹೊಂಗೆ, ಚೆನ್ನಾಗಿ ಉರಿಯಿತು. ಮಗ ಖಾಲಿ ಮೊಳೆ ನೋಡಿದ, ನನ್ನನ್ನು ನೋಡಿದ, ಸ್ಪ್ಯಾನರ್ ತೆಗೆದುಕೊಂಡು ಕೆಲಸಕ್ಕೆ ಹೋದ.

ಅದೇ ವಾರ ಇನ್ನೊಂದು ಹಳೇ ಕಾರು ಬಂತು. ಕೆಲಸದವನು ಬೂಟುಗಾಲಲ್ಲಿ ಒತ್ತಿದ, ಬೇಗ ಬಿಟ್ಟ. ನಾನು ಒಳಗೇ ಇದ್ದೆ. "ಮೂರು ದಿನ ಸಾರ್, ಆಯಿಲ್ ಕೂರ್ಬೇಕು" ಎಂದು ಮಗ ಹೇಳುವುದು ಕೇಳಿಸಿತು. ಆಮೇಲೆ ಗರಗಸದ ಸದ್ದು. ಎದ್ದು ಕಿಟಕಿಯಲ್ಲಿ ನೋಡಿದೆ. ಬೇಲಿಯ ಹೊಂಗೆ ಕೊಂಬೆಯನ್ನು ಮೊಳ ಹಾಕಿ ಅಳೆದು ಕೊಯ್ಯುತ್ತಿದ್ದ.