ಬಾಯಮ್ಮನ ಸುಡುಮಣ್ಣು

ಆ ಬೆಳಿಗ್ಗೆಯೂ ಎಂದಿನಂತೆ ಕುಚ್ಚಲಕ್ಕಿ ತೊಳೆದು ಒಲೆಗಿಟ್ಟು ಅಡುಗೆಮನೆಯ ಕಿಟಕಿ ತೆರೆದೆ. ನಮ್ಮ ಎರಡನೆಯ ಮಹಡಿಯಿಂದ ನೋಡಿದರೆ ಕಂಪೌಂಡಿನ ಆಚೆ ಬಾಯಮ್ಮನ ತರಕಾರಿ ತೋಟ. ಹರಿವೆಯ ಸಾಲುಗಳು, ಬೆಂಡೆ, ಅಂಚಿನಲ್ಲಿ ಬಸಳೆಯ ಚಪ್ಪರ. ಜಾಗ ಬೇರೆಯವರದ್ದು. ಆದರೆ ನಮ್ಮ ಫ್ಲ್ಯಾಟು ಏಳುವುದಕ್ಕಿಂತ ಎಷ್ಟೋ ಮೊದಲಿನಿಂದ ಅವರು ಅಲ್ಲಿ ಬೆಳೆಯುತ್ತಿದ್ದರು.

ಗಂಜಿ ಕುದಿ ಬರುವಾಗ ಬಾಗಿಲ ಬೆಲ್ಲು. ಬಾಯಮ್ಮನೇ. ಕೈಯಲ್ಲಿ ಸೊಪ್ಪಿನ ಕಟ್ಟಿರಲಿಲ್ಲ, ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟ ಕಾಗದಗಳಿದ್ದವು. ಕಾಲಿಗೆ ಮಣ್ಣಿದೆಯೆಂದು ಒಳಗೆ ಬರದೆ ಮ್ಯಾಟಿನ ಆಚೆಯೇ ನಿಂತರು.

“ಅಕ್ಕಾ, ಪಾಲಿಕೆಯ ನೋಟಿಸು ಬಂದಿದೆ. ಕನ್ನಡದ್ದು ಮಗಳು ಓದಿದಳು. ಹಿಂದೆ ಇಂಗ್ಲಿಷಿನದ್ದು ಒಂದುಂಟು. ನೀವು ಕಾನ್ವೆಂಟಿನ ಸಿಸ್ಟರ್‌ಗಳ ಹತ್ರ ಕಲಿತವರಲ್ವಾ, ಓದಿ ಹೇಳಿ.”

ಹಿಂದಿನ ಹಾಳೆ ದೂರಿನ ಜೆರಾಕ್ಸ್. ಅಕ್ಷರ ನನ್ನದು.

ಮೇಲಿನ ಮಹಡಿಯವರ ಮೊಮ್ಮಗಳಿಗೆ ಉಬ್ಬಸ. ಬಾಯಮ್ಮ ಸುಡುಮಣ್ಣು ಮಾಡಿದಾಗ ಹೊಗೆ ನೇರ ಅವರ ಕೋಣೆಗೆ ಹೋಗುತ್ತಿತ್ತು, ಮಗು ಕೆಮ್ಮಿ ಕೆಮ್ಮಿ ಸೋಲುತ್ತಿತ್ತು. ಅದು ಸುಳ್ಳಲ್ಲ. ಒಂದು ತಿಂಗಳ ಹಿಂದೆ ಅಸೋಸಿಯೇಷನ್ ಮೀಟಿಂಗಿನಲ್ಲಿ ದೂರು ಬರೆಯುವ ಮಾತು ಬಂದಾಗ ಎಲ್ಲರೂ ನನ್ನ ಕಡೆ ನೋಡಿದರು. ನಿಮ್ಮ ಅಕ್ಷರ ಮುತ್ತಿನ ಹಾಗೆ, ನೀವೇ ಬರೆಯಿರಿ ಎಂದರು. ಹೊಗಳಿಕೆಗೆ ನಾನು ಸುಲಭವಾಗಿ ಸೋಲುತ್ತೇನೆ. ಅವರು ಹೇಳಿದಂತೆಯೇ ಬರೆದೆ: ದಿನವೂ ಕಸ ಸುಡುತ್ತಾರೆ.

ಅದು ಕಸವಲ್ಲವೆಂದು ನನಗೆ ಗೊತ್ತಿತ್ತು. ನನ್ನ ಅಮ್ಮನೂ ತರಗೆಲೆಯ ಮೇಲೆ ಮಣ್ಣು ಮುಚ್ಚಿ ಎರಡು ಮೂರು ದಿನ ಮೆಲ್ಲಗೆ ಬೇಯಿಸಿ, ಆ ಕಪ್ಪು ಮಣ್ಣನ್ನು ಮಲ್ಲಿಗೆ ಬುಡಕ್ಕೆ ಹಾಕುತ್ತಿದ್ದರು. ದಿನವೂ ಅಲ್ಲ, ವರ್ಷಕ್ಕೆ ಎರಡು ಸಲ.

“ಅಕ್ಷರ ಎಷ್ಟು ಚಂದ ಅಲ್ವಾ?” ಬಾಯಮ್ಮ ಹಾಳೆಯ ಮೇಲೆ ಬೆರಳಿಟ್ಟರು. “ದೊಡ್ಡ ಆಫೀಸರ್ ಇರ್ಬೇಕು. ಎಂತ ಬರೆದಿದ್ದಾರೆ?”

“ಹೊಗೆಯಿಂದ ಮೇಲಿನ ಮಹಡಿಯ ಮಗುವಿಗೆ ಉಬ್ಬಸ ಆಗ್ತದೆ ಅಂತ,” ಎಂದೆ. ಕಸ ಎಂಬ ಮಾತು ಬಾಯಿಗೆ ಬರಲಿಲ್ಲ.

“ಮಗುವಿಗೆ ಆಗುವುದಿಲ್ಲ ಅಂತ ಒಂದು ಮಾತು ಹೇಳಿದ್ರೆ ನಾನು ಆಚೆ ಮೂಲೆಯಲ್ಲಿ ಮಾಡ್ತಿದ್ದೆ. ಇರ್ಲಿ. ಇವತ್ತು ಕೊನೆಯ ದಿನ ಅಂತೆ. ಉತ್ತರ ಕೊಡದಿದ್ರೆ ಜಾಗ ಬಿಡು, ನನಗೆ ಪಾಲಿಕೆಯ ತಲೆಬಿಸಿ ಬೇಡ ಅಂತ ಜಾಗದ ಧಣಿಗಳು ಹೇಳಿದ್ದಾರೆ. ನೋಟಿಸಿನಲ್ಲಿ ಕಸ ಅಂತ ಉಂಟು, ಆಫೀಸಿಗೆ ಬರೆದು ಮಗಳಿಗೆ ಗೊತ್ತಿಲ್ಲ. ಇದು ಕಸ ಅಲ್ಲ, ಗೊಬ್ಬರ ಅಂತ ನೀವೇ ನಾಲ್ಕು ಗೆರೆ ಬರೆದುಕೊಡಿ ಅಕ್ಕಾ. ಇದಕ್ಕಿಂತ ಚಂದ ಬರೀಬೇಕು, ಆಯ್ತಾ?” ಎಂದು ನಕ್ಕರು.

ದೂರು, ಉತ್ತರ ಎರಡೂ ನನ್ನದೇ ಅಕ್ಷರದಲ್ಲಿ ಒಂದೇ ಫೈಲಿನಲ್ಲಿ ಪಕ್ಕಪಕ್ಕ ಕೂರುವುದು ಕಣ್ಣಿಗೆ ಕಟ್ಟಿತು.

“ಬಲಗೈ ಸೆಳೆತ ಬಾಯಮ್ಮ. ಪೆನ್ನು ಹಿಡಿಯಲಿಕ್ಕೆ ಆಗುವುದಿಲ್ಲ.”

ಅವರು ನನ್ನ ಕೈ ನೋಡಿದರು. ಸ್ವಲ್ಪ ಮುಂಚೆ ಅಕ್ಕಿ ತೊಳೆದ ಕೈ. “ಅಯ್ಯೋ, ತಣ್ಣೀರು ಮುಟ್ಟಬೇಡಿ. ಬಿಸಿನೀರಿಗೆ ಉಪ್ಪು ಹಾಕಿ ಸ್ವಲ್ಪ ಹೊತ್ತು ಇಡಿ,” ಎಂದು ಕಾಗದಗಳನ್ನು ಮೊದಲಿನ ಮಡಿಕೆಯಲ್ಲೇ ಮಡಚಿಕೊಂಡು ಮೆಟ್ಟಿಲಿಳಿದರು. ಟೈಪು ಮಾಡಿಸಬಹುದಿತ್ತು ಎಂದು ನನಗೆ ಈಗ ಹೊಳೆಯುತ್ತದೆ. ಆಗ ಹೊಳೆಯಲಿಲ್ಲ, ಅಥವಾ ಹೊಳೆಯುವುದು ಬೇಡವಾಗಿತ್ತು.

ಮಧ್ಯಾಹ್ನ ಮೂರರ ಹೊತ್ತಿಗೆ ಕಿಟಕಿಯಿಂದ ಕಂಡೆ. ಬಾಯಮ್ಮ, ಮಗಳು ಇಬ್ಬರೂ ಸೇರಿ ಬಸಳೆ ಚಪ್ಪರದ ಕಟ್ಟು ಬಿಚ್ಚುತ್ತಿದ್ದರು. ಬಳ್ಳಿ ಹರಿಯದಂತೆ ನಿಧಾನವಾಗಿ, ಮತ್ತೆಲ್ಲೋ ಹಬ್ಬಿಸುವವರ ಹಾಗೆ. ಕೊನೆಗೆ ಕತ್ತಿ ತೆಗೆದು ಬುಡದಿಂದಲೇ ಕೊಯ್ದರು.

ಸಂಜೆ ನಮ್ಮ ಕಟ್ಟಡದ ಎಲ್ಲ ಬಾಗಿಲುಗಳ ಮುಂದೆ ಒಂದೊಂದು ಬಸಳೆ ಕಟ್ಟಿತ್ತು. ನನ್ನ ಬಾಗಿಲಲ್ಲಿ ಎರಡು. ನಾನು ಬಗ್ಗಿ ಎತ್ತಿಕೊಳ್ಳುವಾಗ ಮೇಲಿನ ಮಹಡಿಯವರು ಮೊಮ್ಮಗಳ ಕೈ ಹಿಡಿದು ಇಳಿದು ಬಂದರು. ನನ್ನ ಕೈಯಲ್ಲಿದ್ದ ಸೊಪ್ಪನ್ನು ಮುಟ್ಟಿ ನೋಡಿ ಹೇಳಿದರು:

“ಎಷ್ಟು ಎಳತು ಉಂಟು ನೋಡಿ. ಮಾರ್ಕೆಟಿನದ್ದು ಬರೀ ದಂಟು ಮಾರಾಯ್ರೆ. ನಾಳೆಯಿಂದ ದಿನಾ ಇಂಥದ್ದೇ ತರ್ಲಿಕ್ಕೆ ಬಾಯಮ್ಮನಿಗೆ ಹೇಳ್ಬೇಕು.”