ಕಾಕಾ ಕೂಡಿಸಿದ ಕಿಟಕಿ

ಕೊಂಢವಾದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕಾಕಾ ಯಾವ ಕೆಲಸಕ್ಕೂ ಮಿಸ್ತ್ರಿಯನ್ನು ಕರೆದವರಲ್ಲ. ಕರೆಯಿರಿ ಅಂದರೆ ಎರಡೂ ಅಂಗೈ ಮುಂದೆ ಚಾಚಿ, “ಇವನ್ನೇನು ಬಾಡಿಗಿ ಕೊಟ್ಟೀನೇನ್ರೀ?” ಅನ್ನುತ್ತಿದ್ದರು.

ನೆಲಮಾಳಿಗೆಯ ಗೆದ್ದಲು ಹಿಡಿದ ಕಿಟಕಿಯನ್ನೂ ತಾವೇ ಕಿತ್ತು, ಅಂಗಳದಲ್ಲಿ ಆರಾಮಾಗಿ ಕೂತು ಹೊರಗಿನಿಂದಲೇ ಹೊಸದನ್ನು ಕೂಡಿಸಿದರು. ಹೀಗಾಗಿ ಚಿಲಕವೂ ಹೊರಗೇ ಬಂತು.

“ಕಳ್ಳರಿಗೆ ಭಾಳ ಅನುಕೂಲ ಆತಲ್ರೀ!” ಅಂದೆ.

“ಒಳಗ ಹಳೇ ಗಾದಿ ಬಿಟ್ಟರ ಏನದರೀ? ಒಯ್ದರ ಪುಣ್ಯಾ ಬರ್ತದ.”

ಒಂದು ಮಧ್ಯಾಹ್ನ, ಅವರೇ ರಿಪೇರಿ ಮಾಡಿದ್ದ ನೆಲಮಾಳಿಗೆಯ ಬಾಗಿಲು ಬಿಗಿದುಕೊಂಡು ಕಾಕಾ ಒಳಗೇ ಸಿಕ್ಕಿಬಿದ್ದರು. ಕೂಗಿಗೆ ಓಡಿಹೋದ ನಾವು ಕಿಟಕಿಯ ಚಿಲಕ ತೆಗೆದು, ಅವೇ ಎರಡು ಕೈ ಹಿಡಿದು ಹೊರಗೆಳೆದೆವು.

ಕಾಕಾ ಧೂಳು ಕೊಡವಿಕೊಂಡು ಹೇಳಿದರು: “ಮಿಸ್ತ್ರಿ ಆಗಿದ್ರ ಚಿಲಕಾ ಒಳಗ ಹಾಕ್ತಿದ್ದ. ಆಗ ನೀವು ಹೆಂಗ ತೆಗೀತಿದ್ರಿ?”