ನೂರು ನೋಟದ ತಿರಕಪ್ಪ

ಕುಂದಗೋಳ ತಾಲೂಕಿನ ಒಂದು ಹಳ್ಳಿಯ ಸರಕಾರಿ ಆಸ್ಪತ್ರೆಯಲ್ಲಿ, ಔಷಧಿ ಕೋಣೆಯ ಆಚೆಗೆ ಒಂದು ಸಣ್ಣ ಲ್ಯಾಬು. ಅದರ ಕಿಟಕಿಯ ಹತ್ತಿರ ಕೂತು ತಿರಕಪ್ಪ ಇಪ್ಪತ್ತೆಂಟು ವರ್ಷಗಳಿಂದ ಜನರ ಕಫ ನೋಡುತ್ತಿದ್ದಾನೆ. ಒಂದು ಕಣ್ಣಿನ ಹಳೆಯ ಮೈಕ್ರೋಸ್ಕೋಪು ಹೋಗಿ ಎರಡು ಕಣ್ಣಿನದು ಬಂದು ಎಷ್ಟೋ ವರ್ಷವಾದರೂ ಎಡಗಣ್ಣು ಮುಚ್ಚುವ ಚಾಳಿ ಅವನನ್ನು ಬಿಟ್ಟಿಲ್ಲ. ಮನೆಯಲ್ಲಿ ಪೇಪರು ಓದುವಾಗಲೂ ಒಂದೇ ಕಣ್ಣು. ಅಕ್ಕಿ ಆರಿಸಲು ಕೊಟ್ಟರೂ ಹಾಗೇ.

“ಊರ ಮಂದಿ ಎದ್ಯಾಗಿನ ಹುಳಾ ಕಾಣ್ತಾವ, ಅಕ್ಕ್ಯಾಗಿನ ಹರಳ ಕಾಣೂದಿಲ್ಲ ನೋಡ್ರಿ ಇವರಿಗೆ,” ಎಂದು ಹೆಂಡತಿ ರೋಹಿಣಿ ಬಂದವರ ಮುಂದೆ ಆಡಿಕೊಳ್ಳುತ್ತಾಳೆ. ತಿರಕಪ್ಪ ನಕ್ಕು ಮತ್ತೆ ಮೊರಕ್ಕೆ ಬಾಗುತ್ತಾನೆ.

ಅವನ ಕೆಲಸಕ್ಕೆ ಒಂದು ಕಟ್ಟುಪಾಡು ಇದೆ. ಕಫವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಒಣಗಿಸಿ ನೋಡಬೇಕು. ಟಿಬಿ ಇದ್ದರೆ ನೀಲಿಯ ನಡುವೆ ಸಣ್ಣ ಕೆಂಪು ಕಡ್ಡಿಗಳು ಕಾಣುತ್ತವೆ. ಕಂಡರೆ ‘ಇದೆ’ ಎನ್ನುವುದು ಬೇಗ ಆಗುವ ಮಾತು. ಕಾಣದಿದ್ದರೆ ಮಾತ್ರ ಗಾಜನ್ನು ಕೂದಲೆಳೆಯಷ್ಟು ಸರಿಸಿ ಸರಿಸಿ ನೂರು ಕಡೆ ನೋಡಬೇಕು. ಅಲ್ಲಿಯವರೆಗೆ ‘ಇಲ್ಲ’ ಎಂದು ಬರೆಯುವಂತಿಲ್ಲ.

ಹೊಸದಾಗಿ ಬಂದ ನರ್ಸುಗಳು ಯಾಕೆ ಹೀಗೆ ಎಂದು ಕೇಳಿದರೆ ತಿರಕಪ್ಪ ಹೇಳುತ್ತಾನೆ: “ಜೋಳದ ರಾಶ್ಯಾಗ ನತ್ತು ಬಿತ್ತು ಅಂತ ತಿಳ್ಕೋರಿ. ಸಿಕ್ಕಕೂಡ್ಲೆ ಹುಡುಕೂದು ಮುಗೀತು. ಸಿಗಲಿಲ್ಲಂದ್ರ? ರಾಶಿ ಜಾಲಾಡೂ ತನಕ ಇಲ್ಲ ಅಂತ ಹೇಳಾಕ ಬರೂದಿಲ್ಲ.”

ಎರಡು ಬಗೆಯ ತಪ್ಪು ಆಗಬಹುದೆಂದು ಅವನಿಗೆ ಗೊತ್ತು. ಇಲ್ಲದ್ದನ್ನು ಇದೆ ಎಂದರೆ ಒಬ್ಬರು ಆರು ತಿಂಗಳು ಬೇಡದ ಗುಳಿಗೆ ನುಂಗುತ್ತಾರೆ, ಊರ ಬಾಯಿಗೂ ಬೀಳುತ್ತಾರೆ. ಇದ್ದದ್ದನ್ನು ಇಲ್ಲ ಎಂದರೆ ಆ ಕೆಮ್ಮು ಮನೆಗೆ ಹೋಗಿ ಎಲ್ಲರ ಜೊತೆ ಊಟಕ್ಕೆ ಕೂರುತ್ತದೆ. ಎರಡೂ ತಪ್ಪೇ, ಆದರೆ ಎರಡರ ತೂಕ ಒಂದೇ ಅಲ್ಲ. ಅದಕ್ಕೇ ಅವನು ಅವಸರ ಮಾಡುವುದಿಲ್ಲ. ಒಂದು ನೋಟಕ್ಕೆ ಒಂದು ‘ಓಂ ನಮಃ ಶಿವಾಯ’. ಮನಸ್ಸಿನಲ್ಲೇ ಅದನ್ನು ಪೂರ್ತಿ ಅಂದ ಮೇಲೆಯೇ ಗಾಜು ಸರಿಯಬೇಕು. ನೂರು ಸರಕಾರದ್ದು, ಮೇಲಿನ ಎಂಟು ತನ್ನ ಸಮಾಧಾನಕ್ಕೆ.

“ನೂರಾ ಎಂಟು ಅಂದಕೂಡ್ಲೆ ನನಗ ಅಂಬುಲೆನ್ಸ್ ನೆನಪಾಗತೈತ್ರಿ, ತಿರಕಪ್ಪನವರ,” ಎಂದು ಡಾಕ್ಟರ್ ಮೈತ್ರೇಯಿ ನಗಿಸುತ್ತಾರೆ. ಮಗಳ ವಯಸ್ಸಿನ ಡಾಕ್ಟರು. ತಿರಕಪ್ಪನಿಗೆ ಅವರ ಮೇಲೆ ಬಹಳ ಮಮತೆ.

ಹೋದ ವರ್ಷ ಒಂದು ಬುಧವಾರ ಯರಗುಪ್ಪಿಯ ಆಶಾ ಕಾರ್ಯಕರ್ತೆ ಮಹಾನಂದಾ ತಮ್ಮೂರಿನ ಗೌರಕ್ಕನನ್ನು ಕರೆದುಕೊಂಡು ಬಂದಳು. ಅರವತ್ತು ದಾಟಿದ ಹೆಂಗಸು, ಇಸ್ತ್ರಿ ಮಾಡಿದ ಇಳಕಲ್ ಸೀರೆ, ಮೂರು ವಾರದ ಕೆಮ್ಮು.

“ಕೆಮ್ಮು ಏನಿಲ್ರಿ, ಸುಂಕದ ಧೂಳಿಂದು. ಈ ಮಹಾನಂದಾಗ ಬ್ಯಾರೆ ಕೆಲಸಿಲ್ಲ,” ಎಂದಳು ಗೌರಕ್ಕ. ಕಡಲೆ ಬಡಿಯುವಾಗ ಏಳುವ ನವೆಯ ಪುಡಿಯ ಮಾತು ಅದು.

“ಸುಂಕದ ಧೂಳು ಮೂರು ವಾರ ಇರತೈತೇನಬೇ?” ಮಹಾನಂದಾ ಕೇಳಿದಳು. “ಸೋಮವಾರ ಮೊಮ್ಮಗ ಬರ್ತಾನ್ರಿ ಸರ್, ಸೊಸಿ ತವರುಮನಿ ಮೊರಬದಿಂದ. ಐದು ತಿಂಗಳ ಕೂಸು. ಈಕೀಗೆ ತೊಡಿಮ್ಯಾಲ ಹಾಕ್ಕೊಳ್ಳೂ ಅವಸರ. ಟಿಬಿ ಇಲ್ಲ ಅಂತ ಚೀಟಿ ತಂದ್ರ ಕೂಸಿನ್ನ ಕೊಡ್ತೀನಿ ಅಂದಾನ ಮಗ.”

ತಿರಕಪ್ಪ ಡಬ್ಬಿ ಕೊಟ್ಟ. ಆ ದಿನ ಒಮ್ಮೆ, ಮರುದಿನ ಬೆಳಿಗ್ಗೆ ಒಮ್ಮೆ, ಗೌರಕ್ಕ ಎರಡೂ ಸಲ ತುಂಬಿಸಿ ತಂದುಕೊಟ್ಟಳು. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಸೆರಗು ತಲೆಯ ಮೇಲೆಳೆದುಕೊಂಡು, ಪ್ರಸಾದ ಕೊಟ್ಟಂತೆ. ತಿರಕಪ್ಪ ಎರಡನ್ನೂ ನೋಡಿದ. ನೂರೆಂಟು, ಮತ್ತೆ ನೂರೆಂಟು. ಒಂದೂ ಕೆಂಪು ಕಡ್ಡಿ ಇಲ್ಲ.

ಗುರುವಾರ ಮಧ್ಯಾಹ್ನ ಮೈತ್ರೇಯಿ ಡಾಕ್ಟರು ಲ್ಯಾಬಿನ ಬಾಗಿಲಿಗೆ ಬಂದರು. “ಎರಡೂ ಇಲ್ಲಂತ ಬಂದಾವಲ್ಲ? ಬರದು ಕೊಡೂಣಲ್ರಿ? ಆ ಅಮ್ಮ ಮುಂಜಾನಿಯಿಂದ ಕುಂತಾಳ.”

ತಿರಕಪ್ಪ ಪೆನ್ನು ತೆಗೆದ. ಕಿಟಕಿಯಿಂದ ಗೌರಕ್ಕ ಕಾಣುತ್ತಿದ್ದಳು. ಬೇವಿನ ಕಟ್ಟೆಯ ಮೇಲೆ ಕೂತು ಕೆಮ್ಮುತ್ತಿದ್ದಳು. ಅದು ಗಂಟಲಿನ ಕೆಮ್ಮಲ್ಲ, ಒಳಗಿನಿಂದ ಬಿಂದಿಗೆ ಎಳೆದಂಥ ಕೆಮ್ಮು. ಅವನ ಕೈ ನಿಂತಿತು.

“ಒಂದೈದು ಮಿನಿಟು ತಡೀರಿ, ಮೇಡಮ್ಮಾರ.”

ಈ ಸಲ ಅವನು ಕೆಂಪು ಕಡ್ಡಿ ಹುಡುಕಲಿಲ್ಲ. ಕಡಿಮೆ ಶಕ್ತಿಯ ಮಸೂರ ತಿರುಗಿಸಿ, ಗಾಜಿನ ಮೇಲೆ ಇರುವುದಾದರೂ ಏನು ಎಂದು ನೋಡಿದ. ಒಣಗಲು ಹಾಕಿದ ಹಪ್ಪಳದಂತೆ ಅಗಲವಾದ, ಚಪ್ಪಟೆಯಾದ ಕೋಶಗಳು. ಬಾಯಿಯ ಒಳಗೋಡೆಯವು. ಎದೆಯಿಂದ ಬಂದ ಕಫವಾದರೆ ಕೀವಿನ ಕೋಶಗಳು ಗುಂಪಾಗಿ ಇರಬೇಕಿತ್ತು. ಹುಡುಕಿದರೂ ನಾಲ್ಕು ಸಿಗಲಿಲ್ಲ. ನತ್ತು ಬಿದ್ದದ್ದು ಜೋಳದ ರಾಶಿಯಲ್ಲಿ, ತಾನು ಜಾಲಾಡಿದ್ದು ಕಡಲೆಯ ರಾಶಿ. ನೂರಲ್ಲ, ಸಾವಿರ ಸಲ ನೋಡಿದರೂ ಅಲ್ಲಿ ಏನು ಸಿಕ್ಕೀತು?

“ಇದು ಇಲ್ಲ ಅನ್ನೂದಲ್ರಿ,” ಎಂದ ತಿರಕಪ್ಪ. “ಇದು ಗೊತ್ತಿಲ್ಲ ಅನ್ನೂದು.”

“ಹಂಗಾದ್ರ ತಾಲೂಕಾ ಆಸ್ಪತ್ರಿ ಟಿಬಿ ಮಷಿನ್ನಿಗೆ ಕಳಸೂಣೇನು?”

“ಮಷಿನ್ನರೆ ಏನ್ ಮಾಡತೈತ್ರಿ? ಡಬ್ಬ್ಯಾಗ ಜೊಲ್ಲು ಹಾಕಿದ್ರ ಜೊಲ್ಲಿನ ಸುದ್ದೀನ ಹೇಳತೈತಿ.”

ಅವನೇ ಕಟ್ಟೆಯ ಹತ್ತಿರ ಹೋದ. “ಅಕ್ಕಾರ, ನೀವು ಕೊಟ್ಟದ್ದು ಬಾಯಿದು. ಎದಿದು ಬೇಕಾಗಿತ್ತು.”

ಗೌರಕ್ಕ ನೆಲ ನೋಡಿದಳು. ಮಹಾನಂದಾ ಮೊಣಕೈಯಿಂದ ತಿವಿದಳು. “ಹೇಳಬೇ, ಬಾಯಿ ಬಿಡು.”

“ದಪ್ಪಂದು ಬಂದಿತ್ರಿ ಮುಂಜಾನೆ,” ಎಂದಳು ಗೌರಕ್ಕ ಕೊನೆಗೆ. “ಬಚ್ಚಲದಾಗ ಉಗುಳಿದೆ. ಹಲ್ಲು ತಿಕ್ಕಿ, ಮೂರು ಸಲ ಬಾಯಿ ಮುಕ್ಕಳಿಸಿ, ಆಮ್ಯಾಲ ತೆಳ್ಳಂದು ಡಬ್ಬ್ಯಾಗ ಹಾಕಿದೆ. ನಿನ್ನೀದೂ ಬರೇ ಉಗುಳ. ಹಣಿತುಂಬ ವಿಭೂತಿ ಹಚ್ಚಿದವರು ನೀವು. ನಿಮ್ಮ ಕೈಯಾಗ ಅಂಥಾ ಹೊಲಸು ಹೆಂಗ ಕೊಡೂದ್ರಿ? ಯಾ ಪಾಪಕ್ಕ ಹೋಗ್ಲಿ ನಾನು?”

ತಿರಕಪ್ಪ ಹಣೆಯ ವಿಭೂತಿ ಮುಟ್ಟಿಕೊಂಡ. ಒಳಗೆ ಹೋಗಿ ನೀರು ಕುಡಿದು ಬಂದ.

“ಅಕ್ಕಾರ, ನೀವು ಸ್ವಚ್ಛ ಮಾಡಿ ಕೊಟ್ರ ನನಗ ಕಣ್ಣು ಕಟ್ಟಿದಂಗ. ನಾಳೆ ಎದ್ದಕೂಡ್ಲೆ ಬರೀ ನೀರು ಮುಕ್ಕಳಿಸಿ ಬರ್ರಿ. ಇಲ್ಲೇ ಕೆಮ್ಮೂಣಂತ.”

“ಸೋಮವಾರ ಕೂಸು ಬರತೈತ್ರಿ,” ಎಂದಳು. ಅದು ಬೇಡಿಕೆಯಂತೆಯೂ ಇತ್ತು, ಬೈಗುಳದಂತೆಯೂ ಇತ್ತು.

“ಅದಕ್ಕ ಹೇಳಾಕತ್ತೀನ್ರಿ.”

ಶುಕ್ರವಾರ ಬೆಳಿಗ್ಗೆ ಬೇವಿನ ಮರದ ಹಿಂದೆ, ಬಯಲಿನಲ್ಲಿ, ಗೌರಕ್ಕನನ್ನು ನಿಲ್ಲಿಸಿ, ತಾನು ದೂರ ಸರಿದು ಬೆನ್ನು ತಿರುಗಿಸಿ ನಿಂತು ತಿರಕಪ್ಪ ಹೇಳಿಕೊಟ್ಟ: “ಉಸಿರು ಎಳ್ಕೋರಿ. ಹಿಡೀರಿ. ಬಿಡ್ರಿ. ಇನ್ನೊಮ್ಮೆ. ಈಗ ಹೊಟ್ಟಿಯಿಂದ ಕೆಮ್ಮರಿ, ನಾಚಬ್ಯಾಡ್ರಿ.” ಡಬ್ಬಿ ಬಂತು. ದಪ್ಪನೆಯ, ಹಳದಿ ಕಫ.

ಹನ್ನೊಂದನೆಯ ನೋಟದಲ್ಲಿ ಮೂರು ಕೆಂಪು ಕಡ್ಡಿಗಳು ಕಂಡವು. ಶಿವನ ಹೆಸರು ಅರ್ಧಕ್ಕೇ ನಿಂತಿತು. ಅವನು ಕಣ್ಣು ಒರೆಸಿಕೊಂಡು ಮುಂದಿನವನ್ನೂ ನೋಡಿದ. ಅಲ್ಲಿಯೂ ಇದ್ದವು.

ಡಾಕ್ಟರು ಅಂದೇ ಗುಳಿಗೆ ಶುರು ಮಾಡಿದರು. ಮಗನ ಎದೆಯನ್ನೂ ಪರೀಕ್ಷೆ ಮಾಡಿಸಿದರು, ಅವನು ಚೆನ್ನಾಗಿದ್ದ. ಸೊಸೆ, ಕೂಸು ಇನ್ನೂ ಎರಡು ತಿಂಗಳು ಮೊರಬದಲ್ಲೇ ಇರಲಿ ಎಂದರು. ಗೌರಕ್ಕ ಬಿಕ್ಕಿ ಅಳಲಿಲ್ಲ. ಹೋಗುವಾಗ ಲ್ಯಾಬಿನ ಬಾಗಿಲಲ್ಲಿ ನಿಂತು, “ನಿನ್ನೇನ ಬರದು ಕೊಟ್ಟಿದ್ರ ನಿಮ್ಮ ಗಂಟೇನು ಹೋಗತಿತ್ತು?” ಎಂದಳು. ತಿರಕಪ್ಪ ಕೈಮುಗಿದ.

ಆ ಸಂಜೆ ಅವನು ಮನೆಗೆ ತಡವಾಗಿ ಹೋದ. ರಿಜಿಸ್ಟರು ತೆಗೆದು, ‘ಜೊಲ್ಲಿನಂತಿದೆ’ ಎಂದು ತನ್ನದೇ ಕೈಯಲ್ಲಿ ಬರೆದೂ ‘ಇಲ್ಲ’ ಎಂದು ಕಳಿಸಿದವರನ್ನು ಹುಡುಕಿದ. ಹಿಂದಿನ ಮೂರು ತಿಂಗಳಲ್ಲಿ ಐದು ಹೆಸರು. ಐವರನ್ನೂ ಮತ್ತೆ ಕರೆಸಿದ. ಐವರಲ್ಲೂ ಏನೂ ಸಿಗಲಿಲ್ಲ. ಅದು ತನ್ನ ಜಾಣತನವಲ್ಲ, ಶಿವ ಕಾಯ್ದದ್ದು ಎಂದು ರೋಹಿಣಿಯ ಮುಂದೆ ಹೇಳಿದ. ವಿಭೂತಿ ಹಚ್ಚುವುದನ್ನು ಬಿಡಲಿಲ್ಲ. ಆದರೆ ಡಬ್ಬಿ ಕೊಡುವಾಗ ಈಗ ಮೊದಲ ಮಾತೇ ಬೇರೆ: “ನನಗ ಹೊಲಸು ಕೊಡ್ರಿ. ಸ್ವಚ್ಛ ಇದ್ದದ್ದು ಬ್ಯಾಡ.”

ಎರಡು ತಿಂಗಳ ಮೇಲೆ ಗೌರಕ್ಕ ಮತ್ತೆ ಬಂದಳು. ಮೈತುಂಬಿಕೊಂಡಿದ್ದಳು. ಬೇವಿನ ಮರದ ಹಿಂದೆ ಅರ್ಧ ಗಂಟೆ ಹೆಣಗಿದರೂ ಕಫ ಬರಲೊಲ್ಲದು. “ಕೊಡಬೇಕಂದ್ರ ಇಲ್ರಿ ಈಗ!” ಎಂದು ಅಲ್ಲಿಂದಲೇ ಕೂಗಿದಳು. ಅಂತೂ ಒಂದಿಷ್ಟು ಬಂತು. ತಿರಕಪ್ಪ ಮೊದಲು ಅದು ಎದೆಯದೇ ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ನೂರೆಂಟೂ ನೋಡಿ, ‘ಇಲ್ಲ’ ಎಂದು ಬರೆದ. ಗುಳಿಗೆ ಇನ್ನೂ ನಾಲ್ಕು ತಿಂಗಳು ಬಿಡುವಂತಿಲ್ಲ ಎಂದು ಹೇಳಿ, ಡಾಕ್ಟರು ಕೂಸನ್ನು ಕರೆಸಿಕೊಳ್ಳಲು ಒಪ್ಪಿದರು.

ಎಂಟು ದಿನ ಬಿಟ್ಟು ಅವಳು ಮೊಮ್ಮಗ ಗೌರೀಶನನ್ನು ಎತ್ತಿಕೊಂಡು ಲ್ಯಾಬಿನ ಬಾಗಿಲಿಗೆ ಬಂದಳು. ಏಳು ತಿಂಗಳ ಕೂಸು, ಅಜ್ಜಿಯ ಮುಖ ಗೊತ್ತಿಲ್ಲದ್ದು, ಅವಳ ಕೈಯಲ್ಲಿ ಬಾಗಿ ಬಾಗಿ ಒಂದು ಮೈಲಿ ಕೇಳುವಂತೆ ಅಳುತ್ತಿತ್ತು.

“ನೋಡ್ರಿ, ನನ್ನ ಕಂಡ್ರ ಹಿಂಗ ಅಳತೈತಿ. ಗುರ್ತನಾ ಹಿಡೀವಲ್ದು. ಇದೆಲ್ಲಾ ನಿಮ್ಮ ಕಿತಾಪತಿ!”

“ನಂದ ತಪ್ಪು ಬಿಡ್ರಿ ಅಕ್ಕಾರ,” ಎಂದು ತಿರಕಪ್ಪ ನಕ್ಕ. ಗೌರಕ್ಕ ಮಾತಾಡುತ್ತಲೇ ಇದ್ದಳು. ಅವನ ಕಿವಿ ಮಾತ್ರ ಹಳೆಯ ರೂಢಿಯಂತೆ ಕೂಸಿನ ಅಳುವಿನ ಕಡೆಗೇ ಇತ್ತು. ಒಂದು ಉಸಿರು, ಇನ್ನೊಂದು, ಮತ್ತೊಂದು. ತುಂಬಿದ ಎದೆಯ ಗಟ್ಟಿ ಅಳು. ಅದರಲ್ಲಿ ಎಲ್ಲಿಯೂ ಕೆಮ್ಮಿರಲಿಲ್ಲ.